ಬಾಗಿಲಿನ ತಕ್ಕಡಿ

"ಚಪ್ಪಲಿ ಹೊರಗೆ ಬಿಡಿ," ಎಂದ ಕುಕ್ಕಪ್ಪ. ಅವನು ನನ್ನೊಂದಿಗೆ ಆಡಿದ ಮೊದಲ ಮಾತೇ ಅದು. ಕೇಳಿ ಮೈಯೆಲ್ಲ ಉರಿದುಹೋಯಿತು.

ಎಂಬತ್ತಮೂರನೇ ಇಸವಿ. ಪುತ್ತೂರಿನ ಪದ್ಮಯ್ಯ ಧಣಿಗಳ ಗುಜರಿ ಶೆಡ್ಡಿನಲ್ಲಿ ಬಾಟ್ಲಿ, ಕಾಗದ, ತಗಡು ವಿಂಗಡಿಸುವ ಕೆಲಸಕ್ಕೆ ನಾನು ಸೇರಿದ ದಿನ. ಶೆಡ್ಡಿಗೆ ಒಂದೇ ಬಾಗಿಲು, ಕಿಟಕಿ ಇಲ್ಲವೇ ಇಲ್ಲ. ಬಾಗಿಲಲ್ಲೇ ದೊಡ್ಡ ತಕ್ಕಡಿ, ಅದರ ಬದಿಗೇ ಒಡೆದ ಗಾಜಿನ ರಾಶಿ. ಹೆಂಗಸರು ಅದನ್ನು ದಾಟಿ ಹಿಂದಿನ ಕತ್ತಲೆಯಲ್ಲಿ ಕೂರಬೇಕು. ಅದೂ ಬರಿಗಾಲಲ್ಲಿ! ಧಣಿಗಳ ಕೋಣೆಗೆ ಮಾತ್ರ ರಸ್ತೆಯ ಕಡೆಯಿಂದ ಬೇರೆ ಬಾಗಿಲು, ಮೇಲೆ ಫ್ಯಾನು.

"ಒಳಗೆ ಗಾಜು ಉಂಟಲ್ಲ ಮಾರಾಯ್ರೆ?"

"ತಕ್ಕಡಿ ಅಂದ್ರೆ ಲಕ್ಷ್ಮಿಯಂತೆ. ಅದರ ಎದುರು ಚಪ್ಪಲಿ ಹಾಕ್ಲಿಕ್ಕಿಲ್ಲ. ಧಣಿಗಳ ಕಟ್ಟಳೆ. ತೂಗುವವ ನಾನೆಂತ ಮಾಡುದು?"

ಸಂಜೆ ಹೊರಡುವಾಗೆಲ್ಲ ಅವನ ಕಣ್ಣು ನನ್ನ ಕಾಲಿನ ಮೇಲೇ. ಒಂದು ದಿನ ಕೇಳಿಯೇಬಿಟ್ಟೆ.

"ಎಂತ ನೋಡುದು?"

"ಕಾಲು."

"ನಾಚಿಕೆ ಆಗುದಿಲ್ವಾ?"

ಅವನ ಕಿವಿ ಕೆಂಪಾಯಿತು. "ರಕ್ತ ಬಂದಿದೆಯಾ ಅಂತ ನೋಡಿದ್ದು."

ಥಟ್ಟನೆ ಮುಖ ತಿರುಗಿಸಿದೆ. ನಗು ಅವನಿಗೆ ಕಾಣಬಾರದಲ್ಲ! ಮರುದಿನ ಬಾಗಿಲಿನಿಂದ ನನ್ನ ಜಾಗದವರೆಗೆ ಗೋಣಿ ಹಾಸಿತ್ತು. ಧಣಿಗಳು ಕಂಡು ಎತ್ತಿಸಿದರು. ಗೋಣಿ ಹಾಳಾಗುತ್ತದಂತೆ. ನಮ್ಮ ಕಾಲು ಹಾಳಾದರೆ ಅಡ್ಡಿಯಿಲ್ಲ ನೋಡಿ!

ಅದೇ ವಾರ, ನನ್ನ ಪಕ್ಕ ಕೂರುತ್ತಿದ್ದ ರುಕಿಯಾಳ ಅಂಗಾಲಿಗೆ ಸೋಡಾ ಬಾಟ್ಲಿಯ ಚೂರು ಹೊಕ್ಕಿತು. ರಕ್ತ ಸುರಿಯುತ್ತಿದ್ದರೆ ಧಣಿಗಳು, "ಮೊದಲು ತಕ್ಕಡಿಯ ಅಡಿ ತೊಳೀರಿ, ಮೈಲಿಗೆ ಆಯ್ತು," ಎಂದರು. ಥೂ! ಮನುಷ್ಯರಾ ಇವರು?

ರುಕಿಯಾಳ ಕಾಲಿಗೆ ಬಟ್ಟೆ ಸುತ್ತುತ್ತಿದ್ದ ಕುಕ್ಕಪ್ಪನ ಮೇಲೆ ಹಾರಿಬಿದ್ದೆ. "ಕಾಲು ನೋಡ್ಲಿಕ್ಕೆ ಕಣ್ಣುಂಟು, ಧಣಿಗಳ ಎದುರು ಬಾಯಿ ಇಲ್ಲ. ಇನ್ನು ನನ್ನ ಹತ್ರ ಮಾತಾಡ್ಬೇಡಿ."

ಅವನು ಬಟ್ಟೆಯ ಗಂಟು ಬಿಗಿದು ಎದ್ದುಹೋದ. ಮನೆಯಲ್ಲಿ ಅಳು ತಡೆಯಲಾಗಲಿಲ್ಲ. ಅವನನ್ನು ಇಷ್ಟಪಟ್ಟಿದ್ದೆ. ಹೇಡಿಯೊಬ್ಬನ ಹಿಂದೆ ಹೋಗಲು ಮಾತ್ರ ನನ್ನಿಂದಾಗದು.

ಬೆಳಿಗ್ಗೆ ಬಂದರೆ ಬಾಗಿಲಲ್ಲಿ ತಕ್ಕಡಿಯೇ ಇಲ್ಲ! ಧಣಿಗಳ ಕೋಣೆಯ ತೊಲೆಯಲ್ಲಿ ನೇತಾಡುತ್ತಿತ್ತು.

"ಲಕ್ಷ್ಮಿಯನ್ನು ಬಾಗಿಲಲ್ಲಿ ನಿಲ್ಲಿಸುದು ಚಂದ ಅಲ್ಲ ಧಣಿ," ಧಣಿಗಳು ಬಂದ ಕೂಡಲೇ ಕುಕ್ಕಪ್ಪನೇ ಎದುರು ನಿಂತು ಹೇಳಿದ. "ನಿಮ್ಮ ದೇವರ ಪಟದ ಹತ್ರವೇ ಇರ್ಲಿ. ಇವರು ಚಪ್ಪಲಿ ಹಾಕಿ ಒಳಗೆ ಹೋಗ್ಲಿ."

"ವಾಪಸ್ ಕಟ್ಟು! ಇಲ್ಲಾಂದ್ರೆ ನೀನು ಹೊರಗೆ!"

"ಹಾಗಾದ್ರೆ ನಾವೂ ಹೊರಗೆ," ಎಂದು ನಾನು ಚಪ್ಪಲಿ ಹಾಕಿಕೊಂಡೇ ಅಂಗಳದಲ್ಲಿ ನಿಂತೆ. ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದು ನಿಂತರು. ಮಂಗಳೂರಿನ ಲಾರಿ ಕಾಯುತ್ತಿತ್ತು, ಮಾಲು ವಿಂಗಡಿಸಿರಲಿಲ್ಲ. ಧಣಿಗಳು ಲಾರಿಯನ್ನು ನೋಡಿದರು, ನಮ್ಮನ್ನು ನೋಡಿದರು.

"ಹೋಗಿ ಸಾಯಿರಿ, ಚಪ್ಪಲಿ ಹಾಕಿಯೇ!"

ಸಂಜೆ ಕುಕ್ಕಪ್ಪ ಬಸ್‌ಸ್ಟ್ಯಾಂಡಿನವರೆಗೂ ಹಿಂದೆಯೇ ಬಂದ.

"ಈಗ ಮಾತಾಡ್ಬಹುದಾ?"

"ಎಂತ?"

"ಆ ಕಾಲಿಗೆ ಕಾಲುಂಗುರ ತಂದ್ರೆ... ಹಾಕಿಸ್ಕೊಳ್ತೀರಾ?"

ಕೂಡಲೇ ಹೂಂ ಎನ್ನುವ ಆಸೆಯಾಯಿತು. ಆದರೂ ಸಿಟ್ಟು ಪೂರ್ತಿ ಇಳಿದಿರಲಿಲ್ಲ.

"ನಾಳೆ ಧಣಿಗಳ ಹತ್ರ ಕಿಟಕಿ ಕೇಳ್ಲಿಕ್ಕುಂಟು. ಮೊದಲು ನೀವೇ ಬಾಯಿ ತೆಗೀಬೇಕು."

"ತೆಗೀತೇನೆ."

"ಹಾಗಾದ್ರೆ ಅಳತೆ ತಗೊಳ್ಳಿ," ಎಂದು ನಾನೇ ಚಪ್ಪಲಿ ಕಳಚಿ ಕಾಲು ಮುಂದೆ ಇಟ್ಟೆ.