ಹರ್ಷಿಣಿ ಆರಿಸಿದ ಅರಿಶಿನ

"ಅಜ್ಜೀ, ಸ್ಟಾಪ್! ಆ ಬಾಟ್ಲಿ ಕೆಳಗಿಡು!"

ಇಂದಿರಮ್ಮನವರ ಕೈ ಬಾಣಲೆಯ ಮೇಲೆ ಹಾಗೇ ನಿಂತಿತು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಹೆಬ್ಬೆರಳುದ್ದದ ಕೇಸರಿ ಬಣ್ಣದ ಬಾಟಲಿ. ಬಾಣಲೆಯಲ್ಲಿ ರವೆ ಕೊತಕೊತ ಅನ್ನುತ್ತಿತ್ತು.

"ಯಾಕೇ, ಹಲ್ಲಿಗಿಲ್ಲಿ ಬಿತ್ತಾ?" ಎಂದು ಅವರು ಗಾಬರಿಯಿಂದ ಇಣುಕಿದರು.

"ಹಲ್ಲಿಗಿಂತ ಡೇಂಜರ್! ಅದು ಆರ್ಟಿಫಿಷಿಯಲ್ ಕಲರ್. ಜಹರ್ ಅದು, ಜಹರ್!"

ಹರ್ಷಿಣಿ ಐದನೇ ಕ್ಲಾಸು. ಶನಿವಾರ ಅವಳ ಸ್ಕೂಲಿನಲ್ಲಿ ಸೈನ್ಸ್ ಎಕ್ಸಿಬಿಷನ್, ಫಸ್ಟ್ ಬಂದರೆ ಪ್ರೈಜು. ಅವಳ ಪಾಲಿಗೆ ಬಂದ ವಿಷಯ 'ತಿಂಡಿಯಲ್ಲಿ ಬಣ್ಣ'. ವಿಷಯ ಸಿಕ್ಕಿದ ಮರುದಿನವೇ ಅವಳು ದೆಹಲಿಯ ಮಯೂರ್ ವಿಹಾರದ ಆ ಪುಟ್ಟ ಫ್ಲ್ಯಾಟಿಗೆ ಪೊಲೀಸ್ ಆಗಿಬಿಟ್ಟಳು. ಅಪ್ಪನ ಸಾಸ್, ತಮ್ಮ ಧನುಷ್‌ನ ಆರೆಂಜ್ ಐಸ್‌ಕ್ಯಾಂಡಿ, ಎಲ್ಲ ಅರೆಸ್ಟ್. ತನ್ನ ಬ್ಯಾಗಿನಲ್ಲಿದ್ದ ಬಣ್ಣಬಣ್ಣದ ಪೆಪ್ಪರ್‌ಮಿಂಟ್ ಮಾತ್ರ ಯಾಕೋ ಪೊಲೀಸರ ಕಣ್ಣಿಗೆ ಬಿದ್ದಿರಲಿಲ್ಲ.

"ನಿಮ್ಮಪ್ಪ ಇದನ್ನ ತಿಂದೇ ಬೆಳೆದ. ಏನಾಯ್ತು ಅವನಿಗೆ?"

"ಕೂದಲು ಉದುರಿತಲ್ಲ!"

ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಅಪ್ಪ ಸುಮ್ಮನೆ ಒಮ್ಮೆ ತಲೆ ಸವರಿಕೊಂಡರು.

ಬಾಟಲಿ ಅಜ್ಜಿಯ ಕೈಯಿಂದ ಎಕ್ಸಿಬಿಷನ್ ಡಬ್ಬಕ್ಕೆ ಹೋಯಿತು. ಹರ್ಷಿಣಿ ಒಂದು ಚೀಟಿಯ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಹಿಂದಿಯಲ್ಲಿ 'ಜಹರ್' ಎಂದು ಬರೆದು, ಪಕ್ಕದಲ್ಲೊಂದು ತಲೆಬುರುಡೆಯನ್ನೂ ಬಿಡಿಸಿ ಬಾಟಲಿಗೆ ಅಂಟಿಸಿದಳು.

"ಏನೇ ಅದು ಬರೆದಿರೋದು?"

"ವಿಷ ಅಂತ, ಅಜ್ಜಿ."

ಇಂದಿರಮ್ಮ ಬಾಟಲಿಯನ್ನು ನೋಡಿದರು. "ಅಂದ್ರೆ ಇಷ್ಟು ದಿನ ನಾನು ನಿಮಗೆಲ್ಲ ವಿಷ ಬಡಿಸ್ತಿದ್ನಾ?" ಎಂದು ನಕ್ಕರು. ನಕ್ಕರೂ ಅವರಿಗೆ ಬೇಜಾರಾಗಿತ್ತು. ಹರ್ಷಿಣಿಗೆ ಅದು ಕಾಣಿಸಲಿಲ್ಲ. ಅವಳು ಆಗಲೇ ಎರಡನೇ ಚೀಟಿ ಬರೆಯುತ್ತಿದ್ದಳು. ಅದು 'ಅಮೃತ್'.

"ಕಲರ್ ಬೇಕಾದ್ರೆ ಹಲ್ದಿ ಹಾಕು, ಅಜ್ಜಿ. ನ್ಯಾಚುರಲ್. ನ್ಯಾಚುರಲ್ ಅಂದ್ರೆ ಫುಲ್ ಸೇಫ್."

ಅಜ್ಜಿ ಊರಿಂದ ತಂದಿದ್ದ ಅರಿಶಿನ ಹಾಕಿದರು. ಕೊಂಬು ಒಣಗಿಸಿ ಅವರೇ ಪುಡಿ ಮಾಡಿಸಿದ್ದು. ಕೇಸರಿಬಾತು ಮಬ್ಬು ಮಬ್ಬಾಗಿ ಬಂತು. ಹರ್ಷಿಣಿಯ ಮುಖವೂ ಹಾಗೇ ಆಯಿತು.

"ಛೀ! ಎಕ್ಸಿಬಿಷನ್‌ನಲ್ಲಿ ಇದನ್ನ ಯಾರು ನೋಡ್ತಾರೆ? ನಿನ್ನ ಹಲ್ದಿ ಓಲ್ಡ್ ಆಗಿದೆ."

ಬುಧವಾರದ ಸಂತೆಗೆ ಅಜ್ಜಿಯನ್ನು ಎಳೆದುಕೊಂಡೇ ಹೋದಳು. ಮಸಾಲೆಯವನ ಗಾಡಿಯ ಮೇಲೆ ಬಿಡಿ ಅರಿಶಿನದ ಗುಡ್ಡೆಗಳಿದ್ದವು. ಒಂದು ಮಾತ್ರ ಬಲ್ಬ್ ಹಾಕಿದ ಹಾಗೆ ಹೊಳೆಯುತ್ತಿತ್ತು.

"ಭಯ್ಯಾ, ಯೇ ವಾಲಿ! ಸಬ್‌ಸೆ ಪೀಲಿ!" ಎಲ್ಲಕ್ಕಿಂತ ಹಳದಿಯಾದದ್ದೇ ಬೇಕು ಅವಳಿಗೆ.

"ಮನೇಲಿ ಅಷ್ಟೊಂದು ಇದೆಯಲ್ಲೇ," ಎಂದರು ಅಜ್ಜಿ. ಯಾರು ಕೇಳಬೇಕು?

ಶನಿವಾರ ಇಂದಿರಮ್ಮ ಇಸ್ತ್ರಿ ಸೀರೆ ಉಟ್ಟು, ಸ್ಟೀಲ್ ಡಬ್ಬಿಯಲ್ಲಿ ಹಳದಿ ಕೇಸರಿಬಾತು ಹಿಡಿದು ಮೊಮ್ಮಗಳ ಟೇಬಲ್ಲಿನ ಪಕ್ಕ ನಿಂತರು. ಟೇಬಲ್ಲಿನ ಒಂದು ಕಡೆ ತಲೆಬುರುಡೆಯ ಬಾಟಲಿ, ಇನ್ನೊಂದು ಕಡೆ 'ಅಮೃತ್' ಚೀಟಿ ಅಂಟಿಸಿದ, ಸಂತೆಯ ಅರಿಶಿನದ ಬಟ್ಟಲು. ಸುತ್ತ ಮಕ್ಕಳ ಅಪ್ಪ ಅಮ್ಮಂದಿರ ಗುಂಪು. ಸೈನ್ಸ್ ಕಲಿಸುವ ಸರಳಾ ಮ್ಯಾಮ್ ಮೊದಲು ಬಾಟಲಿ ಎತ್ತಿಕೊಂಡು ಕನ್ನಡಕ ಸರಿ ಮಾಡಿಕೊಂಡರು.

"ಇದರ ಮೇಲೆ ಐಎಸ್‌ಐ ಮಾರ್ಕ್ ಇದೆ. ಸರ್ಕಾರ ಒಪ್ಪಿದ ಬಣ್ಣ. ಜಾಸ್ತಿ ಸುರಿದರೆ ಒಳ್ಳೇದಲ್ಲ, ಆದರೆ ಹೇಳಿದ ಅಳತೆಯಲ್ಲಿ ಹಾಕಿದರೆ ಜಹರ್ ಏನಲ್ಲ," ಎಂದು ಹಿಂದಿಯಲ್ಲಿ ಹೇಳಿದರು. "ಈಗ ಹಲ್ದಿ ನೋಡೋಣ."

ಒಂದು ಚಿಟಿಕೆ ಅರಿಶಿನವನ್ನು ಗಾಜಿನ ನಳಿಗೆಗೆ ಹಾಕಿ, ಜೋಪಾನವಾಗಿ ಆಸಿಡ್‌ನ ಹನಿ ಬಿಟ್ಟರು. ಪುಡಿ ಗುಲಾಬಿಯಾಯಿತು.

"ಶುದ್ಧ ಹಲ್ದಿಯೂ ಹೀಗಾಗಬಹುದು. ನೀರು ಹಾಕಿದರೆ ಗುಲಾಬಿ ಹೋಗಿಬಿಡುತ್ತೆ."

ನೀರು ಹಾಕಿದರು. ಗುಲಾಬಿ ಹೋಗಲಿಲ್ಲ. ಮ್ಯಾಮ್ ನಳಿಗೆಯನ್ನು ಅಲ್ಲಾಡಿಸಿದರು. ಅದು ಅಲ್ಲೇ ಇತ್ತು, ಹೋಳಿಯ ನೀರಿನ ಹಾಗೆ.

"ಇದರಲ್ಲಿ ಮೆಟಾನಿಲ್ ಯೆಲ್ಲೋ ಅನ್ನೋ ಬಟ್ಟೆಯ ಬಣ್ಣ ಬೆರೆಸಿದ್ದಾರೆ. ಅದನ್ನ ತಿಂಡಿಗೆ ಹಾಕಲೇಬಾರದು. ಯಾರು ತಂದದ್ದು ಇದನ್ನ?"

ಎಲ್ಲರೂ ಡಬ್ಬಿ ಹಿಡಿದಿದ್ದ ಅಜ್ಜಿಯ ಕಡೆ ತಿರುಗಿದರು. "ಹಳೇ ಕಾಲದವರು, ಪಾಪ. ಅವರಿಗೇನು ಗೊತ್ತಾಗುತ್ತೆ!" ಎಂದು ಯಾರದೋ ಮಮ್ಮಿ ಹಿಂದಿಯಲ್ಲಿ ಹೇಳಿದರು. ಇಂದಿರಮ್ಮನಿಗೆ ಹಿಂದಿ ಬಾರದು. ಇವರೆಲ್ಲ ತಿಂಡಿ ಕೇಳುತ್ತಿದ್ದಾರೆ ಎಂದುಕೊಂಡು, ನಗುತ್ತಾ ಡಬ್ಬಿಯ ಮುಚ್ಚಳ ತೆಗೆಯಲು ಹೊರಟರು.

ಹರ್ಷಿಣಿ ಸುಮ್ಮನಿದ್ದರೆ ಸಾಕಿತ್ತು. ಅಜ್ಜಿಗೆ ಏನೂ ತಿಳಿಯುತ್ತಿರಲಿಲ್ಲ, ಪ್ರೈಜೂ ಎಲ್ಲೂ ಹೋಗುತ್ತಿರಲಿಲ್ಲ. ಅಜ್ಜಿ ಮಾತ್ರ ನಗುತ್ತಲೇ ಇದ್ದರು. ಆ ನಗು ನೋಡಿ ಅವಳಿಗೆ ಅಳು ಬಂದುಬಿಟ್ಟಿತು.

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದಳು. "ಮ್ಯಾಮ್, ದಾದಿ ನಹೀ. ಮೈನೇ ಲೀ. ಸಬ್‌ಸೆ ಪೀಲಿ ಥೀ, ಇಸ್‌ಲಿಯೇ." ಅಜ್ಜಿಯಲ್ಲ, ತಾನೇ ಆರಿಸಿ ತಂದದ್ದು ಎಂದು ಹೇಳಿಬಿಟ್ಟಳು.

ಆ ಮಮ್ಮಿ ಪಕ್ಕದ ಟೇಬಲ್ಲಿನ ಜ್ವಾಲಾಮುಖಿ ಮಾಡೆಲ್ಲನ್ನು ತುಂಬಾ ಆಸಕ್ತಿಯಿಂದ ನೋಡತೊಡಗಿದರು.

"ಒಮ್ಮೆ ತಿಂದಿದ್ದರೆ ಗಾಬರಿ ಬೇಡ, ಉಳಿದದ್ದನ್ನ ಎಸೆದುಬಿಡಿ," ಎಂದು ಮ್ಯಾಮ್ ಮೆಲ್ಲಗೆ ಹೇಳಿ ಮುಂದಿನ ಟೇಬಲ್ಲಿಗೆ ಹೋದರು. ಪ್ರೈಜೂ ಅವರ ಹಿಂದೆಯೇ ಹೋಯಿತು, ಜ್ವಾಲಾಮುಖಿಗೆ.

ವಾಪಸ್ ಬರುವಾಗ ರಿಕ್ಷಾದಲ್ಲಿ ಅಜ್ಜಿ ಕೇಳಿದರು, "ಅಲ್ಲಿ ಏನಂದೆ ಪುಟ್ಟಿ? ಎಲ್ಲ ನನ್ನನ್ನೇ ನೋಡ್ತಿದ್ರು. ಕೇಸರಿಬಾತನ್ನೆಲ್ಲ ಯಾಕೆ ಕಸಕ್ಕೆ ಸುರಿದೆ?"

ಹರ್ಷಿಣಿ ಎಲ್ಲ ಹೇಳಿದಳು. ಆ ಮಮ್ಮಿಯ ಮಾತೊಂದನ್ನು ಬಿಟ್ಟು. "ಜಾಸ್ತಿ ಹಳದಿ ಇತ್ತು ಅಂತ ನಾನೇ ತಗೊಂಡೆ ಅಂದೆ. ಸಾರಿ, ಅಜ್ಜಿ. ಆ ಬಾಟ್ಲಿಗೂ ಸಾರಿ."

ಇಂದಿರಮ್ಮ ಖಾಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡರು.

"ನಾನೂ ಆ ಬಾಟ್ಲೀನ ಅದಕ್ಕೇ ಕಣೇ ತರ್ತಿದ್ದದ್ದು. ಬಣ್ಣ ಚೆನ್ನಾಗಿ ಬರತ್ತೆ ಅಂತ."

ಹರ್ಷಿಣಿ ಬ್ಯಾಗಿನಿಂದ ಬಾಟಲಿ ತೆಗೆದು, ತಲೆಬುರುಡೆಯನ್ನು ಉಗುರಿನಿಂದ ಕೆರೆದು ಕಿತ್ತಳು. ಕಿತ್ತು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅದನ್ನು ಡಬ್ಬಿಯೊಳಗೆ ಹಾಕಿಕೊಂಡರು.

"ಹಾಗಾದ್ರೆ ನಾಳೆ ಕೇಸರಿಬಾತಿಗೆ ಏನು ಹಾಕ್ಲಿ? ಇದಾ, ಊರಿನ ಅರಿಶಿನಾನಾ?"

ಹರ್ಷಿಣಿ ಡಬ್ಬಿಯೊಳಗೆ ಇಣುಕಿ ನೋಡಿ, ಮುಚ್ಚಳ ಹಾಕಿದಳು.

"ದ್ರಾಕ್ಷಿ ಜಾಸ್ತಿ ಹಾಕು, ಅಜ್ಜಿ."