ಆರು ಬೀಗ, ಏಳು ಸೈಕಲ್

೨೦೦೪ರ ಫೆಬ್ರವರಿ ೧೦, ಮಂಗಳವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ರಾಷ್ಟ್ರ ರಾಜಧಾನಿಯ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸ್‌ನ ಏಳೆಂಟು ಮಂದಿ ತಮ್ಮ ಚೌಕಿದಾರನ ಕೊರಳಪಟ್ಟಿ ಹಿಡಿದು ಠಾಣೆಗೆ ಎಳೆದು ತಂದರು. ಆಗಲೇ ಚೆನ್ನಾಗಿ ಕೈಮಾಡಿದ್ದರು. ಮೂಗಿನಿಂದ ಇಳಿದ ರಕ್ತ ಖಾಕಿ ಸ್ವೆಟರಿನ ಮೇಲೆ ಒಣಗಿತ್ತು.

"ಮೂರು ವಾರದಲ್ಲಿ ಆರು ಸೈಕಲ್ ಸಾರ್," ಎಂದರು ಸಂಘದ ಕಾರ್ಯದರ್ಶಿ ಚಂದ್ರಮೋಹನ, ಕನ್ನಡದಲ್ಲೇ. "ಆರನೆಯದು ನಿನ್ನೆ ಮಧ್ಯಾಹ್ನ ಹೋಯ್ತು. ಇವನು ಗೇಟಲ್ಲೇ ಇದ್ದ. ಏನೂ ನೋಡಿಲ್ಲವಂತೆ!"

ಸಬ್ ಇನ್‌ಸ್ಪೆಕ್ಟರ್ ಮಾಚಯ್ಯ ಎಫ್‌ಐಆರ್ ಬರೆದುಕೊಂಡ. ಕಲಂ ೩೭೯, ಕಳವು. ಚೌಕಿದಾರ ಹರ್ಕಾ ಬಹಾದೂರ್ ನೆಲ ನೋಡುತ್ತ ನಿಂತಿದ್ದ. ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಠಾಣಾಧಿಕಾರಿ ಒಂದೇ ಮಾತಲ್ಲಿ ಮುಗಿಸಿದರು. "ನಾಳೆ ಬೆಳಗ್ಗೆ ಅವನನ್ನು ಕೋರ್ಟಿಗೆ ಹಾಜರುಪಡಿಸು. ಅಷ್ಟರೊಳಗೆ ಬೇರೆ ಯಾರಾದರೂ ಸಿಕ್ಕರೆ ನಿನ್ನ ಅದೃಷ್ಟ."

ಪಂಪ್‌ಹೌಸಿನ ಹಿಂದಿನ ಒಂದೇ ಕೋಣೆಯಲ್ಲಿ ಹರ್ಕಾನ ಹೆಂಡತಿ, ಎರಡು ಮಕ್ಕಳು. ಅವನು ಜೈಲಿಗೆ ಹೋದ ದಿನವೇ ಆ ಕೋಣೆ ಖಾಲಿ ಮಾಡಿಸುತ್ತಾರೆ. ಅದು ಮಾಚಯ್ಯನಿಗೂ ಗೊತ್ತಿತ್ತು, ಹರ್ಕಾನಿಗೂ ಗೊತ್ತಿತ್ತು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ. ಮಾಚಯ್ಯನಿಗೆ ಒಳಗೊಳಗೇ ಇರಿಸುಮುರಿಸು. ಹಿಂದಿನ ವರ್ಷ ಇದೇ ಅಂಗಳದಲ್ಲಿ ಸಭೆ ಸೇರಿಸಿ ಉಪದೇಶ ಮಾಡಿದವನು ಅವನೇ. ಹಿಂಚಕ್ರಕ್ಕೆ ಅಂಟಿಕೊಂಡು ಬರುವ ಬೀಗ ನಂಬಬೇಡಿ, ಒಬ್ಬರ ಕೀಲಿ ಹತ್ತು ಜನರ ಬೀಗಕ್ಕೆ ಹತ್ತುತ್ತೆ. ನಂಬರಿನ ಬೀಗವಿರುವ ಗಟ್ಟಿ ಸರಪಳಿ ತನ್ನಿ. ಬರೀ ಚಕ್ರಕ್ಕೆ ಸುತ್ತಬೇಡಿ, ಫ್ರೇಮನ್ನೂ ಸೇರಿಸಿ ಮೆಟ್ಟಿಲ ಕಂಬಿಗೆ ಬಿಗಿಯಿರಿ. ಅವನು ಹೇಳಿದ್ದನ್ನೆಲ್ಲ ಕ್ವಾರ್ಟರ್ಸ್‌ನವರು ಚಾಚೂತಪ್ಪದೆ ಮಾಡಿದ್ದರು. ಆರೂ ಸರಪಳಿಗಳು ಆರು ಮೆಟ್ಟಿಲ ಕಂಬಿಗಳಲ್ಲೇ ನೇತಾಡುತ್ತಿದ್ದವಂತೆ. ಕತ್ತರಿಸಿದ ಗುರುತಿಲ್ಲ, ಒಂದು ಗೀರೂ ಇಲ್ಲ.

"ತಿರುಗಿಸಿ ತಿರುಗಿಸಿ ತೆಗೆದಿರಬಹುದು ಜನಾಬ್," ಎಂದ ಹೆಡ್ ಕಾನ್‌ಸ್ಟೇಬಲ್ ದಲಬೀರ್.

"ಎಲ್ಲಿ, ತೆಗಿ ನೋಡೋಣ."

ಮಾಚಯ್ಯ ಒಂದು ಬೀಗ ಹಾಕಿ, ನಂಬರ್ ಕೆಡಿಸಿ, ಕೈಗಿತ್ತ. ದಲಬೀರ್ ಇಪ್ಪತ್ತೈದು ನಿಮಿಷ ಹೆಣಗಾಡಿದ. ನಾಲ್ಕು ಅಂಕಿಯ ಬೀಗ ಜಪ್ಪಯ್ಯ ಅನ್ನಲಿಲ್ಲ. ಪಕ್ಕದಲ್ಲೇ ಹಾಲಿನವನ ಸೈಕಲ್ ಬೀಗವೇ ಇಲ್ಲದೆ ನಿಂತಿತ್ತು.

"ಇದನ್ನು ಯಾಕೆ ಮುಟ್ಟಲಿಲ್ಲ ಕಳ್ಳ?"

"ಹಳೇ ಗುಜರಿ ಜನಾಬ್."

"ಹೋಗಿರೋ ಆರು?"

ದಲಬೀರ್ ಪಟ್ಟಿ ನೋಡಿದ. "ಎಲ್ಲಾ ಸ್ಕೂಲ್ ಮಕ್ಕಳದ್ದು."

ಮಾಚಯ್ಯ ಆರು ಮನೆಗಳ ಬಾಗಿಲು ತಟ್ಟಿದ. ಕೇಳಿದ್ದು ಒಂದೇ ಪ್ರಶ್ನೆ: ನಂಬರ್ ಯಾರಿಗೆ ಗೊತ್ತಿತ್ತು? ಆರು ಮನೆಯಲ್ಲೂ ಉತ್ತರ "ಯಾರಿಗೂ ಇಲ್ಲ". ಕೊನೆಯ ಮನೆಯ ಲೀಲಮ್ಮ ಮಾತ್ರ ಒಂದು ಮಾತು ಸೇರಿಸಿದರು.

"ಯಾರಿಗೂ ಹೇಳಿಲ್ಲಪ್ಪ. ರಿಜಿಸ್ಟರ್‌ನಲ್ಲಿ ಬರೆಸಿದೀವಿ, ಅಷ್ಟೇ."

"ಯಾವ ರಿಜಿಸ್ಟರ್?"

"ಬೀಗದ್ದು. ಮಕ್ಕಳು ನಂಬರ್ ಮರೆತರೆ ಬೇಕಲ್ಲ? ಸಂಘದಿಂದ ಇಟ್ಟಿದಾರೆ. ಸಹಿ ಹಾಕಿ ಕೊಟ್ಟಿದೀವಿ."

ಮಾಚಯ್ಯ ಹಣೆ ಒತ್ತಿಕೊಂಡ. ಇಲ್ಲಿರುವವರೆಲ್ಲ ಇಪ್ಪತ್ತು, ಮೂವತ್ತು ವರ್ಷ ಸರ್ಕಾರಿ ಕಡತ ನೋಡಿಕೊಂಡು ಬಂದವರು. ಗುಟ್ಟಿನ ನಂಬರನ್ನೂ ಕ್ರಮಸಂಖ್ಯೆ, ಕ್ವಾರ್ಟರ್ ನಂಬರ್, ಸೈಕಲಿನ ಬಣ್ಣ ಎಂದು ಕಲಂ ಎಳೆದು ದಾಖಲು ಮಾಡಿದ್ದರು. ಕಡತಕ್ಕೆ ಹೋದದ್ದು ಯಾರಿಗೂ ಹೇಳಿದಂತೆ ಆಗಲಿಲ್ಲವಲ್ಲ ಅವರ ಲೆಕ್ಕದಲ್ಲಿ!

ಮೂರೂವರೆಗೆ ಚಂದ್ರಮೋಹನರ ಮನೆ. ರಿಜಿಸ್ಟರ್ ಹಜಾರದ ಕಪಾಟಿನಲ್ಲೇ ಇತ್ತು, ಬೀಗವಿಲ್ಲದೆ.

"ಇಲ್ಲಿಗೆ ಯಾರು ಯಾರು ಬರ್ತಾರೆ?"

"ಯಾರೂ ಇಲ್ಲ ಸಾರ್. ನಾನು ಆಫೀಸಿಗೆ ಹೋದ ಮೇಲೆ ಸುಮಿತ್ರಾ ಒಬ್ಬಳೇ..." ಚಂದ್ರಮೋಹನ ಮಾತು ಅರ್ಧಕ್ಕೆ ನುಂಗಿದರು.

ಚಹಾ ತಂದಿದ್ದ ಸುಮಿತ್ರಾ ಬಾಗಿಲಲ್ಲೇ ನಿಂತರು. ನಲವತ್ತರ ಹೆಂಗಸು, ಮುಖದಲ್ಲಿ ಅರವತ್ತರ ಸುಸ್ತು.

"ಕಳ್ಳ ಸಿಕ್ಕಿದಾನೆ ಅಂತ ಇವರು ಹೇಳಲಿಲ್ಲವಾ ಅಮ್ಮ?" ಎಂದ ಮಾಚಯ್ಯ, ಅವರ ಮುಖವನ್ನೇ ನೋಡುತ್ತ. "ನಿಮ್ಮ ಚೌಕಿದಾರ. ನಾಳೆ ಕೋರ್ಟಿಗೆ."

"ಹರ್ಕಾ? ಅವನನ್ನು ಯಾಕೆ ಹಿಡಿದ್ರಿ?" ಗಂಡನ ಕಡೆ ತಿರುಗಿದರು. "ಹೊಡೆದ್ರಾ?"

ಸುಮಿತ್ರಾ ಚಹಾ ಕೆಳಗಿಟ್ಟು, ಅಡುಗೆಮನೆಯ ಬೇಳೆ ಡಬ್ಬಿಯಿಂದ ಒಂದು ಕೀಲಿ ತಂದು ಮಾಚಯ್ಯನ ಮುಂದಿಟ್ಟರು.

"ಸ್ಕೂಟರ್ ಗ್ಯಾರೇಜಿಂದು."

ನಾಲ್ಕೂ ಹತ್ತಕ್ಕೆ, ಪಂಚರ ಸಮಕ್ಷಮ ಗ್ಯಾರೇಜ್ ತೆರೆಯಲಾಯಿತು. ಸೈಕಲ್‌ಗಳು ಗೋಡೆಗೊರಗಿ ಸಾಲಾಗಿ ನಿಂತಿದ್ದವು, ಧೂಳು ಒರೆಸಿ, ಗಾಳಿ ಇಳಿಸಿ. ದಲಬೀರ್ ಪಟ್ಟಿಗೆ ತಾಳೆ ಹಾಕಿದ.

"ಜನಾಬ್, ಒಂದು ಜಾಸ್ತಿ ಇದೆ."

ಏಳನೆಯದು ಕೆಂಪು ಲೇಡೀಸ್ ಸೈಕಲ್. ಮುಂಚಕ್ರ ಎಂಟರ ಆಕಾರಕ್ಕೆ ಮಡಚಿಕೊಂಡಿತ್ತು.

"ಸಿಂಧೂರಾದು," ಎಂದರು ಚಂದ್ರಮೋಹನ. "ನಮ್ಮ ಮಗಳು. ಎಂಟನೇ ಕ್ಲಾಸು. ಸೆಪ್ಟೆಂಬರಲ್ಲಿ... ಬಸ್ಸು."

ಸುಮಿತ್ರಾ ಅಳಲಿಲ್ಲ. "ಇನ್ನೂ ಮಕ್ಕಳು ಅದೇ ಔಟರ್ ರಿಂಗ್ ರೋಡಲ್ಲೇ ಹೋಗ್ತಾರೆ. ಆರು ಮನೆಗೂ ಹೋಗಿ ಕೈಮುಗಿದೆ. ಪಾಪ, ತಲೆ ಕೆಟ್ಟಿದೆ ಅಂದ್ರು. ಸೈಕಲ್ ಕಳುವಾಗಬಾರದು ಅಂತ ನೀವೂ ಒಂದು ಗಂಟೆ ಮಾತಾಡಿದ್ರಿ ಸಾರ್. ಆ ರಸ್ತೆ ವಿಷಯ ಯಾರೂ ಎತ್ತಲಿಲ್ಲ."

ಮಾಚಯ್ಯ ಮಹಿಳಾ ಕಾನ್‌ಸ್ಟೇಬಲ್ ಶಾರದಾಳನ್ನು ಕರೆಸಿದ. ನಾಲ್ಕೂ ಐವತ್ತಕ್ಕೆ ಬಂಧನ. ಮೆಮೋಗೆ ಸಾಕ್ಷಿಯಾಗಿ ಗಂಡನೇ ಸಹಿ ಹಾಕಿದರು.

ಸಂಜೆ ಆರಕ್ಕೆ ಹರ್ಕಾನನ್ನು ಲಾಕಪ್ಪಿನಿಂದ ಹೊರಗೆ ಬಿಟ್ಟರು. ಹೇಳಿಕೆ ಬರೆದುಕೊಳ್ಳಲು ಮಾಚಯ್ಯ ಕುರ್ಚಿ ಎಳೆದುಕೊಟ್ಟ.

"ಮೇಡಂ ಸೈಕಲ್ ತಳ್ಳಿಕೊಂಡು ಹೋಗಿದ್ದು ನೋಡಿದ್ದೆ ತಾನೇ?"

"ಆರು ಸಲವೂ ನೋಡಿದೆ ಸಾಬ್."

"ಮತ್ತೆ ಅಷ್ಟು ಏಟು ತಿಂದೆಯಲ್ಲೋ! ಒಂದು ಮಾತು ಹೇಳೋದಕ್ಕೇನಾಗಿತ್ತು?"

ಹರ್ಕಾ ಮೂಗಿನ ಗಾಯ ಮುಟ್ಟಿಕೊಂಡ. "ರಸ್ತೆ ಕಡೆಯ ಸಣ್ಣ ಗೇಟು ಬೆಳಗ್ಗೆ ತೆಗೀಬೇಡ ಅಂತ ಮೇಡಂ ದಿನಾ ಹೇಳೋರು. ಅವತ್ತು ಸಿಂಧೂರಾ ಬಂದು, ಭಯ್ಯಾ, ಸ್ಕೂಲಿಗೆ ಲೇಟಾಯ್ತು, ಪ್ಲೀಸ್ ಅಂದ್ಲು. ನಾನೇ ತೆಗೆದೆ. ಯಾರು ತೆಗೆದಿದ್ದು ಅಂತ ಮೇಡಂ ಇವತ್ತಿನವರೆಗೂ ಕೇಳಿಲ್ಲ. ದಿನಾ ಮಧ್ಯಾಹ್ನ ನನಗೆ ರೊಟ್ಟಿ ತಂದುಕೊಡ್ತಾರೆ."

ಗೋಡೆಯಾಚೆ ಶಾರದಾ ಯಾರಿಗೋ ನೀರು ಬೇಕಾ ಎಂದು ಕೇಳುತ್ತಿದ್ದಳು. ಹರ್ಕಾ ಆ ಕಡೆ ನೋಡಿ ದನಿ ತಗ್ಗಿಸಿದ.

"ಇದನ್ನೂ ಬರೀತೀರಾ ಸಾಬ್? ಮೇಡಂಗೆ ಓದಿ ಹೇಳ್ತಾರಾ?"