ಬಸವಂತನ ಮೂರು ಸೀಸೆ ರಕ್ತ

“ನಾನು ಕೊಟ್ಟಿದ್ದು ಸರಿಯಾದ ಡೋಸೇ ಮೇಡಂ. ಡಾಕ್ಟರು ಜಾಸ್ತಿ ಕೊಟ್ಟಿದ್ದೀಯ ಅಂತಾರೆ. ಪೊಲೀಸರು ಅರೆಸ್ಟ್ ಮಾಡ್ತಾರಂತೆ,” ಎಂದಳು ನರ್ಸ್ ಮಧುಮತಿ.

ಸೀತಾಲಕ್ಷ್ಮಿಯವರು ಕಾಫಿ ಲೋಟವನ್ನು ಅವಳತ್ತ ಸರಿಸಿದರು. ಜಯನಗರದಲ್ಲಿ ಕಳೆದುಹೋದ ಬೆಕ್ಕಿನಿಂದ ಹಿಡಿದು ಸುಳ್ಳು ಉಯಿಲಿನವರೆಗೆ ಎಲ್ಲ ಪತ್ತೆಗೂ ಇವರೇ ಬೇಕು. ಇವರನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವುದು ನಿವೃತ್ತಿಯ ನಂತರ ನನಗೆ ಅಂಟಿಕೊಂಡ ಉದ್ಯೋಗ. ಇದು 2003ರ ಮಾತು.

ಜೆ.ಪಿ. ನಗರದ ಅಲರ್ಜಿ ಕ್ಲಿನಿಕ್ಕಿನಲ್ಲಿ ಡಾ. ಶ್ರೀಕರ್ ಸಂಶೋಧನೆ ನಡೆಸುತ್ತಿದ್ದರು. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿ ಇರುತ್ತದಲ್ಲ, ಅದರ ಸಾರವನ್ನೇ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುತ್ತ ಚುಚ್ಚಿ ದೇಹಕ್ಕೆ ಅಭ್ಯಾಸ ಮಾಡಿಸುವ ಚಿಕಿತ್ಸೆ ಅದು. ಎರಡು ಕಂಪನಿಗಳ ಔಷಧಿಯಲ್ಲಿ ಯಾವುದರಿಂದ ರಕ್ತದಲ್ಲಿ ಅಲರ್ಜಿ ತಡೆಯುವ ರಕ್ಷಕ ಪ್ರತಿಕಾಯ, ಅಂದರೆ ಆಂಟಿಬಾಡಿ, ಹೆಚ್ಚು ಹುಟ್ಟುತ್ತದೆಂದು ಹೋಲಿಸುತ್ತಿದ್ದರು. ತಿಂಗಳುಗಟ್ಟಲೆ ಚುಚ್ಚಿಸಿಕೊಂಡಿದ್ದ ಬಸವಂತ, ಮಧುಮತಿ ಕೆಲಸಕ್ಕೆ ಸೇರಿದ ವಾರವೇ, ಸೂಜಿ ಬಿದ್ದ ಸ್ವಲ್ಪ ಹೊತ್ತಿಗೆ ಉಸಿರುಕಟ್ಟಿ ಸತ್ತ. ಅವನ ಅಣ್ಣ ಭೀಮಪ್ಪ ದೂರು ಕೊಟ್ಟ. ಡಾಕ್ಟರು ತಪ್ಪನ್ನು ಹೊಸ ನರ್ಸಿನ ಮೇಲೆ ಹಾಕಿ ಕೈ ತೊಳೆದುಕೊಂಡರು. ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

“ಬಸವಂತ ಹೇಗಿದ್ದ?” ಕ್ಲಿನಿಕ್ಕಿಗೆ ಹೋಗಿ ಸೀತಾಲಕ್ಷ್ಮಿ ಡಾಕ್ಟರನ್ನು ಕೇಳಿದರು.

“ಒಳ್ಳೆ ಸಬ್ಜೆಕ್ಟ್. ಪ್ರತಿಕಾಯ ಚೆನ್ನಾಗಿ ಏರಿತ್ತು.”

“ಮನುಷ್ಯ ಹೇಗಿದ್ದ ಅಂದೆ.”

ಡಾಕ್ಟರು ಗಡಿಯಾರ ನೋಡಿಕೊಂಡರು. “ಸಣ್ಣಗಿದ್ದ ಅನ್ಸುತ್ತೆ.”

“ಅವತ್ತೂ ರಕ್ತ ತಗೊಂಡಿದ್ರಾ?”

“ಚುಚ್ಚೋಕೆ ಮುಂಚೆ. ಫ್ರಿಜ್ಜಲ್ಲಿದೆ, ಟೆಸ್ಟ್ ಮಾಡಿಲ್ಲ.”

ಮೊದಲಿನ ದಿನದ್ದು, ನಡುವಿನದು, ಕೊನೆಯದು, ಬಸವಂತನ ಹೆಸರಿನ ಮೂರೂ ರಕ್ತದ ಸೀಸೆಗಳು ಇನ್‌ಸ್ಪೆಕ್ಟರ್ ಯಲ್ಲಯ್ಯನವರ ಮೂಲಕ ಬೇರೆ ಲ್ಯಾಬಿಗೆ ಹೋದವು. ನಾವು ಬಿ.ಟಿ.ಎಂ.ನಲ್ಲಿದ್ದ ಬಸವಂತನ ಮನೆಗೆ ಹೋದೆವು.

ಒಂದೇ ಕೋಣೆಯ ಬಾಡಿಗೆ ಮನೆ. ಭೀಮಪ್ಪ ತಮ್ಮನ ಹಾಸಿಗೆಯನ್ನು ಕೊಡವಿ ಸುತ್ತುತ್ತಿದ್ದ. ಎದ್ದ ಧೂಳಿಗೆ ನಾನು ಸೀನಿ ಸೀನಿ ಸುಸ್ತಾದೆ. ಅವನು ಒಮ್ಮೆಯೂ ಕೆಮ್ಮಲಿಲ್ಲ. ಕಿಟಕಿಯಲ್ಲಿ ಒಂದು ಇನ್‌ಹೇಲರ್ ಧೂಳು ಹಿಡಿದು ಕೂತಿತ್ತು.

“ಯಾರದಪ್ಪ ಇದು?” ಎಂದರು ಸೀತಾಲಕ್ಷ್ಮಿ.

“ನಂದರಿ. ದಮ್ಮು ಇತ್ತು. ನನಗೂ ಆ ಇಂಜೆಕ್ಷನ್ ಕೇಳಿದ್ವಿ. ನಿಂದು ಜೋರೈತಿ, ಆಗಂಗಿಲ್ಲ ಅಂದ್ರು ಡಾಕ್ಟ್ರು. ತಮ್ಮಂದು ಸ್ವಲ್ಪ ಇತ್ತು, ಅಂವನ್ನ ತಗೊಂಡ್ರು.”

ಲ್ಯಾಬಿನ ಉತ್ತರ ಬಂದ ಮೇಲೆ ಎಲ್ಲರೂ ಕ್ಲಿನಿಕ್ಕಿನಲ್ಲಿ ಸೇರಿದೆವು.

“ಮಧುಮತಿ ತಪ್ಪು ಮಾಡಿಲ್ಲ,” ಎಂದು ಸೀತಾಲಕ್ಷ್ಮಿ ಶುರು ಮಾಡಿದರು. “ಮೊದಲಿನ ರಕ್ತದಲ್ಲಿ ರಕ್ಷಕ ಪ್ರತಿಕಾಯ ಇಲ್ಲ. ನಡುವಿನದರಲ್ಲಿ ತುಂಬಾ ಇದೆ. ಸತ್ತ ದಿನದ್ದರಲ್ಲಿ ಮತ್ತೆ ಇಲ್ಲ. ಕಲಿತಿದ್ದನ್ನ ದೇಹ ಇಷ್ಟು ಬೇಗ ಮರೆಯಲ್ಲ. ಅಂದ್ರೆ ನಡುವಿನ ರಕ್ತ ಬಸವಂತನದಲ್ಲ. ಇಷ್ಟು ದಿನ ಅವನ ಹೆಸರಲ್ಲಿ ಬೇರೆಯವರು ಬಂದು ಚುಚ್ಚಿಸಿಕೊಂಡಿದ್ದಾರೆ. ಅವರಿಗೆ ಏರಿಸಿದ ಡೋಸು, ಅಭ್ಯಾಸವೇ ಇಲ್ಲದ ಬಸವಂತನಿಗೆ ಒಂದೇ ಸಲ ಬಿತ್ತು. ಧೂಳಲ್ಲಿ ನಿಂತರೂ ಈಗ ಇನ್‌ಹೇಲರ್ ಬೇಡದವರು ಯಾರು, ನಾನೇ ಹೇಳ್ಬೇಕಾ ಭೀಮಪ್ಪ?”

ಭೀಮಪ್ಪ ಗೋಡೆಗೆ ಒರಗಿದ. “ನೀ ಹೋಗಣ್ಣ, ನನ್ನ ಹೆಸರು ಹೇಳು ಅಂತ ತಮ್ಮನಽ ನನ್ನ ಕಳಿಸಿದ್ದರಿ. ಆವತ್ತು ಫ್ಯಾಕ್ಟರ್ಯಾಗ ನನಗ ರಜಾ ಸಿಗಲಿಲ್ಲ. ತಪ್ಪಿಸಿದ್ರ ಹೆಸರು ಹೊಡೆದು ಹಾಕ್ತಾರ, ನಾನಽ ಹೋಗಿ ಬರ್ತೀನಿ ಅಂದ. ಪ್ರತಿ ಸಲ ಅದಽ ಸೂಜಿ, ಅಷ್ಟಽ ಔಷಧ ಅಂದ್ಕೊಂಡಿದ್ವಿರಿ.”

“ತಿಂಗಳುಗಟ್ಟಲೆ ಬಂದೋನು ಇವನು. ನಿಮ್ಮ ಕಣ್ಮುಂದೆ ಸತ್ತೋನು ಬೇರೆ,” ಎಂದು ಸೀತಾಲಕ್ಷ್ಮಿ ಡಾಕ್ಟರ ಕಡೆ ತಿರುಗಿದರು. “ನೀವು ಒಂದು ಸಲವಾದ್ರೂ ಮುಖ ನೋಡಿದ್ರೆ ಆ ಹುಡುಗ ಬದುಕ್ತಿದ್ದ.”

ಶ್ರೀಕರ್ ಕನ್ನಡಕ ಒರೆಸಿಕೊಂಡರು. “ಹಾಗಾದ್ರೆ ಆ ಸಬ್ಜೆಕ್ಟನ್ನ ಹೋಲಿಕೆಯಿಂದ ತೆಗೀಬೇಕಾಗುತ್ತೆ,” ಎಂದರು. ನಾನು ಅವರ ಕಪಾಳಕ್ಕೆ ಬಾರಿಸದೆ ಬಿಟ್ಟಿದ್ದು ಯಲ್ಲಯ್ಯ ನನ್ನ ತೋಳು ಹಿಡಿದಿದ್ದರಿಂದ. ನಂತರ ಯಲ್ಲಯ್ಯ ಡಾಕ್ಟರನ್ನು ಸ್ಟೇಷನ್ನಿಗೆ ಕರೆದೊಯ್ದರು. ಮಧುಮತಿ ಮೂಲೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಮೇಡಂ,” ಭೀಮಪ್ಪ ಮೆಲ್ಲಗೆ ಕೇಳಿದ, “ಇನ್ನ ನನಗ ದಮ್ಮು ಬರಂಗಿಲ್ಲೇನ್ರಿ?”

“ಬರೋದು ಕಮ್ಮಿಯಪ್ಪ.”

ಅವನು ನೆಲಕ್ಕೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಎಷ್ಟು ಅತ್ತರೂ ಅವನ ಉಸಿರು ಒಮ್ಮೆಯೂ ಕಟ್ಟಲಿಲ್ಲ.